ಮೆಚ್ಚಿನ ಕಾದಂಬರಿಯನ್ನು ಕೌದಿಯಾಗಿಸುವುದು: ಇಡೀ ಕಥೆಯೋ, ಒಂದೇ ಚಿತ್ರವೋ?

ಪ್ರಶ್ನೆ (ಹೊಸ ಸೂಜಿ)

ನಾಲ್ಕು ಬಾರಿ ಓದಿಯೂ ತೃಪ್ತಿಯಾಗದ ಕಾದಂಬರಿಯೊಂದನ್ನು ಆಧರಿಸಿ, ಗೋಡೆಗೆ ತೂಗುಹಾಕುವಂತಹ ಕೌದಿಯೊಂದನ್ನು ಹೊಲಿಯಬೇಕೆಂದಿದ್ದೇನೆ. ಅಗಲ 90 ಸೆಂಟಿಮೀಟರ್, ಎತ್ತರ 120. ಹೊದೆಯುವ ಕೌದಿಗಳನ್ನು ಹೊಲಿದು ಅಭ್ಯಾಸವಿದೆ. ಚಿತ್ರವಿರುವ ಕೌದಿ ಇದೇ ಮೊದಲು. ಕಾದಂಬರಿಯಲ್ಲಿ ಮೂರು ತಲೆಮಾರುಗಳಿವೆ, ಒಂದು ಹಳೆಯ ಮನೆಯಿದೆ, ಆ ಮನೆಗೆ ನುಗ್ಗುವ ನೆರೆಯಿದೆ, ದೂರ ಹೋದ ಮಗಳು ಬರೆದ ಪತ್ರಗಳಿವೆ. ಬಿಡಲಾಗದ ದೃಶ್ಯಗಳನ್ನು ಪಟ್ಟಿ ಮಾಡಿದರೆ ಹದಿನೇಳಾದವು. ಎಲ್ಲವನ್ನೂ ಕಾಗದದ ಮೇಲೆ ಜೋಡಿಸಿ ನೋಡಿದಾಗ ಅದು ಮಕ್ಕಳ ಗೋಡೆಪತ್ರಿಕೆಯಂತೆ ಕಂಡು ಮನಸ್ಸು ಮುದುಡಿತು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಪತ್ರಗಳ ಕೆಲವು ವಾಕ್ಯಗಳನ್ನು ಬಟ್ಟೆಯ ಮೇಲೆ ಬರೆಯಬಹುದೇ? ಬಿಳಿಯ ಹತ್ತಿ ಬಟ್ಟೆಯನ್ನು ಚಹಾದಲ್ಲಿ ನೆನೆಸಿ ಹಳೆಯ ಕಾಗದದ ಬಣ್ಣ ತರಬೇಕೆಂಬ ಯೋಚನೆಯೂ ಇದೆ.

ಉತ್ತರ (ಓಡುಹೊಲಿಗೆ)

ನಿಮ್ಮ ಹದಿನೇಳು ದೃಶ್ಯಗಳಲ್ಲಿ ಹದಿನಾರನ್ನು ಬಿಡಿ ಎಂದರೆ ನಿಷ್ಠುರವಾದೀತು, ಆದರೂ ನನ್ನ ಸಲಹೆ ಅದೇ. ಕಥೆ ಹೇಳುವ ಕೆಲಸವನ್ನು ಕಾದಂಬರಿ ಈಗಾಗಲೇ ಮುಗಿಸಿದೆ. ಮಾತಿಗೆ ಸಿಗದೆ ನಿಮ್ಮಲ್ಲಿ ಉಳಿದಿರುವುದೇನೋ ಅದಷ್ಟೇ ಬಟ್ಟೆಗೆ ಬರಬೇಕು. ಪುಸ್ತಕವನ್ನು ಒಂದು ವಾರ ಮುಚ್ಚಿಟ್ಟು, ಮೊದಲು ಕಣ್ಣಿಗೆ ಬರುವುದೇನೆಂದು ನೋಡಿ. ನೀವು ಬರೆದದ್ದನ್ನು ಓದಿದಾಗ ನನಗೆ ಕಂಡದ್ದು ನೆರೆ ಇಳಿದ ಮೇಲೆ ಗೋಡೆಯಲ್ಲಿ ಉಳಿಯುವ ನೀರಿನ ಗೆರೆ. ನಿಮಗೆ ಬೇರೇನೋ ಕಾಣಬಹುದು.

ಆ ಗೆರೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೇಲಿನ ಬಟ್ಟೆ, ನಡುವಿನ ಹತ್ತಿಯ ಪದರ, ಕೆಳಗಿನ ಅಸ್ತರು ಈ ಮೂರನ್ನೂ ಸೇರಿಸಿ ಹೊಲಿಯುವಾಗ, ಹೊಲಿಗೆ ಒತ್ತೊತ್ತಾಗಿದ್ದಲ್ಲಿ ಹತ್ತಿ ಅದುಮಿಕೊಂಡು ಬಟ್ಟೆ ಚಪ್ಪಟೆಯಾಗುತ್ತದೆ, ವಿರಳವಾಗಿದ್ದಲ್ಲಿ ಉಬ್ಬಿ ನೆರಳು ಬೀಳುತ್ತದೆ. ಗೆರೆಯ ಕೆಳಗೆ ಅರ್ಧ ಸೆಂಟಿಮೀಟರ್ ಅಂತರದ ಅಡ್ಡ ಹೊಲಿಗೆಗಳನ್ನು ಹಾಕಿ, ಮೇಲೆ ಅಂಗೈಯಗಲದ ಖಾಲಿ ಜಾಗಗಳನ್ನು ಬಿಟ್ಟರೆ, ಬಣ್ಣ ಎರಡೂ ಕಡೆ ಒಂದೇ ಆಗಿದ್ದರೂ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಪಕ್ಕದಿಂದ ಬೀಳುವ ಬೆಳಕು ತೋರಿಸುತ್ತದೆ. ಒಂದು ಅಪಾಯವಿದೆ: ಒತ್ತಾಗಿ ಹೊಲಿದ ಭಾಗ ಹೆಚ್ಚು ಕುಗ್ಗುವುದರಿಂದ ಅಂಚುಗಳು ಅಲೆಅಲೆಯಾಗುತ್ತವೆ. ಈ ಪಾಠವನ್ನು ನಾನು ಕಲಿತದ್ದು ಒಂದು ಕೌದಿಯನ್ನು ಹಾಳುಮಾಡಿಕೊಂಡೇ. ಮೊದಲು 30 ಸೆಂಟಿಮೀಟರ್ ಚೌಕದ ಒಂದು ಮಾದರಿ ಹೊಲಿದು ನೋಡಿ. ಮೇಲಿನ ಬಟ್ಟೆಯನ್ನು ಎಲ್ಲ ಬದಿಗೂ ಐದು ಸೆಂಟಿಮೀಟರ್ ಹೆಚ್ಚಾಗಿಯೇ ಇಟ್ಟುಕೊಂಡು, ಹೊಲಿಗೆಯೆಲ್ಲ ಮುಗಿದ ಮೇಲೆ ಅಳತೆಗೆ ಕತ್ತರಿಸಿ.

ಉತ್ತರ (ತುಂಡುಬಟ್ಟೆ)

ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಹಲವು ದೃಶ್ಯಗಳ ಕೌದಿ ಗೋಡೆಪತ್ರಿಕೆಯೇ ಆಗಬೇಕೆಂದಿಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ (1837–1910) ಹೊಲಿದ ಎರಡು ಚಿತ್ರಕೌದಿಗಳು ಉಳಿದುಬಂದಿವೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವ ಒಂದರಲ್ಲಿ ಹನ್ನೊಂದು ಚೌಕಗಳಿವೆ, ಬಾಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿರುವ ಇನ್ನೊಂದರಲ್ಲಿ ಹದಿನೈದು. ಬೈಬಲಿನ ಕಥೆಗಳ ಪಕ್ಕದಲ್ಲೇ 1833ರ ಉಲ್ಕಾಪಾತದ ರಾತ್ರಿಯನ್ನೂ ಅವರು ಹೊಲಿದಿದ್ದಾರೆ. ಆ ಉಲ್ಕೆಗಳು ಬಿದ್ದದ್ದು ಅವರು ಹುಟ್ಟುವುದಕ್ಕೆ ಮುಂಚೆ. ಎಂದರೆ ಕೇಳಿದ್ದನ್ನು ಕಂಡಂತೆ ಹೊಲಿದರು. ಓದಿದ್ದನ್ನು ಹೊಲಿಯಹೊರಟ ನಿಮ್ಮ ಪಾಡೂ ಅದೇ ಅಲ್ಲವೇ?

ಅಷ್ಟೊಂದು ಚೌಕಗಳು ಕಲಸಿಹೋಗದೆ ನಿಲ್ಲಲು ಕಾರಣ, ಮನುಷ್ಯರೂ ಪ್ರಾಣಿಗಳೂ ಬಹುಮಟ್ಟಿಗೆ ಕಣ್ಣುಮೂಗಿನ ವಿವರವಿಲ್ಲದೆ ಬರೀ ಆಕಾರಗಳಾಗಿರುವುದು, ಮತ್ತು ಸೂರ್ಯ, ಚಂದ್ರ, ನಕ್ಷತ್ರಗಳು ಚೌಕದಿಂದ ಚೌಕಕ್ಕೆ ಮರಳಿ ಬರುವುದು. ಹದಿನೇಳು ಬೇಡ, ಐದನ್ನು ಇಟ್ಟುಕೊಳ್ಳಿ. ಮುಖಗಳನ್ನು ಬಿಡಿಸಬೇಡಿ: ನೀವು ಬಿಡಿಸಿದ ಮಗಳ ಮುಖ ಇನ್ನೊಬ್ಬ ಓದುಗರ ಮನಸ್ಸಿನ ಮುಖದೊಂದಿಗೆ ಜಗಳವಾಡುತ್ತದೆ. ಐದರಲ್ಲೂ ಒಂದೇ ವಸ್ತು, ಬಾಗಿಲೋ ಮಡಿಸಿದ ಪತ್ರವೋ, ಕಾಣಿಸಿಕೊಳ್ಳಲಿ. ಬಟ್ಟೆಗಳನ್ನು ಜೋಡಿಸಿದ ಮೇಲೆ ಕಪ್ಪು ಬಿಳುಪಿನಲ್ಲಿ ಒಂದು ಫೋಟೊ ತೆಗೆದು ನೋಡಿ. ಕೆಂಪೂ ಹಸಿರೂ ಬೇರೆಬೇರೆಯೆಂದು ನಾವು ನಂಬಿರುತ್ತೇವೆ. ಎರಡರ ಗಾಢತೆ ಒಂದೇ ಆಗಿದ್ದರೆ ದೂರದಿಂದ ನೋಡುವವರಿಗೆ ಆಕಾರದ ಅಂಚು ಕರಗಿಹೋಗುತ್ತದೆ.

ಉತ್ತರ (ಹಳೆಯ ದಾರ)

ಬರವಣಿಗೆ ಮತ್ತು ಚಹಾದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಚಹಾ ಬೇಡ. ಅದರಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಆಮ್ಲೀಯವಾದದ್ದು. ಎಳೆಯೊಳಗೆ ಉಳಿದುಕೊಂಡು ವರ್ಷಗಳ ಮೇಲೆ ಬಟ್ಟೆಯನ್ನು ಪೆಡಸಾಗಿಸುತ್ತದೆ. ಅದೇ ಮಾಸಲು ಬಣ್ಣದ ಹತ್ತಿ ಬಟ್ಟೆಯನ್ನೇ ಹುಡುಕಿಕೊಳ್ಳುವುದು ಮೇಲು.

ಬಟ್ಟೆಯ ಮೇಲೆ ಬರೆಯುವುದು ತಪ್ಪಲ್ಲ. ಅಮೆರಿಕದ ಕಲಾವಿದೆ ಫೇತ್ ರಿಂಗ್‌ಗೋಲ್ಡ್ 1983ರಿಂದ ಹೊಲಿದ ಕಥಾಕೌದಿಗಳಲ್ಲಿ ಕಥೆ ಅಕ್ಷರಗಳಾಗಿಯೇ ಇದೆ. ಆದರೆ ಅಲ್ಲಿರುವುದು ಅವರೇ ಬರೆದ ಕಥೆ. ನಿಮ್ಮ ವಿಷಯ ಬೇರೆ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾದಂಬರಿಯ ಹಕ್ಕು ಲೇಖಕರ ನಿಧನಾನಂತರ ಕನಿಷ್ಠ 50 ವರ್ಷ ಇರುತ್ತದೆ, ಹಲವೆಡೆ ಇನ್ನೂ ಹೆಚ್ಚು. ಕಾದಂಬರಿ ನಿಮ್ಮಲ್ಲಿ ಎಬ್ಬಿಸಿದ ಭಾವಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಅದರ ವಾಕ್ಯಗಳನ್ನು ಹೊಲಿದ ಕೌದಿಯನ್ನು ಪ್ರದರ್ಶಿಸುವ ಅಥವಾ ಮಾರುವ ಉದ್ದೇಶವಿದ್ದರೆ ಮಾತ್ರ ಪ್ರಕಾಶಕರನ್ನು ಮೊದಲೇ ಕೇಳಿ. ಇನ್ನೊಂದು ದಾರಿಯೂ ಇದೆ. ದೂರದಿಂದ ಕೈಬರಹದಂತೆ ಕಾಣುವ, ಹತ್ತಿರ ಹೋದರೆ ಒಂದಕ್ಷರವೂ ಓದಲಾಗದ ಓಡುಹೊಲಿಗೆಯ ಸಾಲುಗಳನ್ನು ಹಾಕಬಹುದು. ಇನ್ನೊಬ್ಬರ ಪತ್ರವೆಂದರೆ ಹಾಗೆಯೇ ಇರಬೇಕೆಂದು ನನಗನ್ನಿಸುತ್ತದೆ.

ತೂಗುಹಾಕಲು ಹಿಂಬದಿಯ ಮೇಲ್ತುದಿಗೆ ಹತ್ತು ಸೆಂಟಿಮೀಟರಿನ ಬಟ್ಟೆಯ ಕೊಳವೆಯೊಂದನ್ನು ಕೈಯಿಂದ ಹೊಲಿಯಿರಿ. ಕೊಳವೆ ಸ್ವಲ್ಪ ಸಡಿಲವಾಗಿರಲಿ, ಇಲ್ಲದಿದ್ದರೆ ಒಳಗಿನ ಕೋಲು ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಮರುಪ್ರತಿಕ್ರಿಯೆ (ಹೊಸ ಸೂಜಿ)

ಎಲ್ಲರಿಗೂ ಧನ್ಯವಾದಗಳು. ಪುಸ್ತಕವನ್ನು ಮುಚ್ಚಿಟ್ಟು ಒಂಬತ್ತು ದಿನಗಳಾದವು. ನೆನಪಿಗೆ ಮೊದಲು ಬಂದದ್ದು ನೆರೆಯೂ ಅಲ್ಲ, ಮನೆಯೂ ಅಲ್ಲ. ತಾಯಿ ಒಡೆಯದೆಯೇ ಇಟ್ಟ ಕೊನೆಯ ಪತ್ರ. ಹದಿನೇಳರ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಈಗ ಇಡೀ ಕೌದಿಯನ್ನು ಒಂದೇ ಲಕೋಟೆಯ ಹಿಂಬದಿಯಾಗಿ ಹೊಲಿಯುತ್ತಿದ್ದೇನೆ. ಓದಲಾಗದ ಸಾಲುಗಳು ಅದರ ಅಸ್ತರಿನ ಮೇಲೆ, ಗೋಡೆಯ ಕಡೆಗೆ ಮುಖಮಾಡಿರುತ್ತವೆ. ಅಂಟಿಸಿದ ಮಡಿಕೆಯ ಸುತ್ತ ಹೊಲಿಗೆ ಎಷ್ಟು ಒತ್ತಾಗಿರಬೇಕೆಂದು ತಿಳಿಯಲು ಮೂರು ಮಾದರಿಗಳನ್ನು ಹೊಲಿದಿದ್ದೇನೆ. ಎರಡರ ಅಂಚು ಅಲೆಅಲೆಯಾಗಿದೆ.