ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಹಳೆಯ ಮೇಷ್ಟರು: ಹೆರಿಗೆ ರಜೆ ಮುಗಿಯುತ್ತಲೇ ಆರು ತಿಂಗಳ ಕೂಸನ್ನು ಆಯಾ ಕೈಗೆ ಒಪ್ಪಿಸುವವರು ಬುಕಾರೆಸ್ಟ್ ಅಧ್ಯಯನವನ್ನು ಓದಬೇಕು. 2000ದಲ್ಲಿ ಶುರುವಾದದ್ದು. ರೊಮೇನಿಯಾದ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷದೊಳಗೆ ಹೋದವರು ಚೆನ್ನಾಗಿ ಚೇತರಿಸಿಕೊಂಡರು, ತಡವಾಗಿ ಹೋದವರು ಹಿಂದುಳಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಎರಡು ಮಕ್ಕಳ ತಾಯಿ: ನಮ್ಮ ಆಯಾಗೂ ಅನಾಥಾಲಯಕ್ಕೂ ಎಲ್ಲಿಯ ಹೋಲಿಕೆ? ಅಲ್ಲಿ ಪಾಳಿ ಬದಲಾದಂತೆ ದಾದಿಯ ಮುಖವೂ ಬದಲಾಗುತ್ತಿತ್ತು. ಇಲ್ಲಿ ಬೆಳಿಗ್ಗೆ ಗೇಟಿನ ಚಿಲಕದ ಸದ್ದಾದರೆ ಸಾಕು, ಮಗು ನನ್ನ ಸೊಂಟದಿಂದಲೇ ಅವರತ್ತ ಕೈ ಚಾಚುತ್ತದೆ.

ತೋಟದವ: ಮರ ಬಗ್ಗುವುದಿಲ್ಲ ಎಂದವರು ಯಾರು? ನಮ್ಮ ಮೂವತ್ತು ವರ್ಷದ ಹುಳಿಮಾವಿನ ಕೊಂಬೆಗಳನ್ನು ಕಡಿದು, ಬಂದ ಚಿಗುರಿಗೆ ಮಲ್ಲಿಕಾ ಕಸಿ ಕಟ್ಟಿದೆ. ಮೂರನೆಯ ವರ್ಷ ಹಣ್ಣು ತಿಂದೆವು.

ಹಳೆಯ ಮೇಷ್ಟರು: ಅದು ಕಡಿದದ್ದು, ಬಗ್ಗಿಸಿದ್ದಲ್ಲ. ಬುಡ ಇಂದಿಗೂ ಹುಳಿಮಾವಿನದೇ.

ತೋಟದವ: ಬುಡವನ್ನು ಯಾರು ತಿನ್ನುತ್ತಾರೆ ಸ್ವಾಮಿ?

ಅಂಕಿಅಂಶದವ: ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರ ತಂಡ ದಶಕಗಟ್ಟಲೆ ಗಮನಿಸಿತು. ಬಡತನ, ಮನೆಯೊಳಗಿನ ಕಲಹ ಎಲ್ಲವನ್ನೂ ಉಂಡವರಲ್ಲೂ ಮೂವರಲ್ಲಿ ಒಬ್ಬರು ನೆಟ್ಟಗೆ ಬೆಳೆದರು. ಅಜ್ಜಿಯೋ ನೆರೆಯವರೋ, ನೆಚ್ಚಿಕೊಳ್ಳಲು ಒಬ್ಬರಿದ್ದರು. ಹದಿಹರೆಯದಲ್ಲಿ ಹಾದಿ ತಪ್ಪಿದವರಲ್ಲೂ ಹೆಚ್ಚಿನವರು ನಲವತ್ತರ ಹೊತ್ತಿಗೆ ದಡ ಸೇರಿದ್ದರು.

ಹಳೆಯ ಮೇಷ್ಟರು: ಮೂವರಲ್ಲಿ ಒಬ್ಬರು! ಉಳಿದಿಬ್ಬರ ಗತಿ? ನನ್ನ ಮಾತನ್ನೇ ಹೇಳಿದ್ದೀರಿ. ಅದಿರಲಿ, ತೋಟದವರೇ, ಕಸಿಯ ಕೆಳಗಿನಿಂದ ಹುಳಿ ಚಿಗುರು ಬರುವುದಿಲ್ಲವೇ?

ತೋಟದವ: ಬರುತ್ತದೆ. ಕಂಡಾಗಲೆಲ್ಲ ಚಿವುಟುತ್ತೇನೆ.

ಹಳೆಯ ಮೇಷ್ಟರು: ನೋಡಿದಿರಾ! ಮೂವತ್ತು ವರ್ಷವಾದರೂ ಹುಟ್ಟುಗುಣ ಬಿಟ್ಟಿಲ್ಲ.

ತೋಟದವ: ಚಿವುಟುವ ಕೈ ಇರುವ ತನಕ ಹಣ್ಣು ಸಿಹಿಯೇ. ಕುರ್ಚಿಯಲ್ಲಿ ಕೂತು ಗಾದೆ ಹೇಳುವವರಿಗೆ ಇದು ತಿಳಿಯುವುದಿಲ್ಲ.

ಹಳೆಯ ಮೇಷ್ಟರು: ಮೂವತ್ತೆರಡು ವರ್ಷ ನಿಂತೇ ಪಾಠ ಮಾಡಿದವನು ನಾನು. ಕುರ್ಚಿಯ ಮಾತು ಬೇಡ.

ಎರಡು ಮಕ್ಕಳ ತಾಯಿ: ಮಾವಿನಕಾಯಿ ಸಾಕು! ಅಜ್ಜಿ ಎಂದಿರಲ್ಲ, ಎಲ್ಲಿದ್ದಾರೆ ಅಜ್ಜಿ? ನಮ್ಮ ಅತ್ತೆಯವರಿಗೆ ಮಂಡಿನೋವು. ಮಗುವಿನ ಹಿಂದೆ ಅವರು ಓಡಬೇಕೇ? ಅಪ್ಪ ಎಂಬ ಪದ ಇಲ್ಲಿಯವರೆಗೆ ಒಬ್ಬರ ಬಾಯಲ್ಲೂ ಬಂದಿಲ್ಲ.

ನಿವೃತ್ತ: ನನಗೀಗ 68. ಹೆಂಡತಿ ಹೋದ ಮೇಲೆ ಪಾರ್ಕಿನ ಕಟ್ಟೆಯ ಚೌಕಾಬಾರದ ಗೆಳೆಯರೇ ನನ್ನನ್ನು ಮನುಷ್ಯನಾಗಿ ಉಳಿಸಿದರು. 1938ರಲ್ಲಿ ಶುರುವಾಗಿ ಜನರ ಬದುಕನ್ನು ದಶಕಗಟ್ಟಲೆ ಗಮನಿಸಿದ ಅಮೆರಿಕದ ಹಾರ್ವರ್ಡ್ ಅಧ್ಯಯನದಲ್ಲೂ ಐವತ್ತರಲ್ಲಿ ಸಂಬಂಧಗಳಲ್ಲಿ ನೆಮ್ಮದಿ ಕಂಡವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ನೀವೆಲ್ಲ ತೊಟ್ಟಿಲು ಬಿಟ್ಟು ಮೇಲೇಳುತ್ತಲೇ ಇಲ್ಲ.

ಅಂಕಿಅಂಶದವ: ಅದು 268 ಹಾರ್ವರ್ಡ್ ವಿದ್ಯಾರ್ಥಿಗಳ ಕಥೆ. ಉಳ್ಳವರ ನೆಮ್ಮದಿ.

ನಿವೃತ್ತ: ಅದೇ ಅಧ್ಯಯನದಲ್ಲಿದ್ದ ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರನ್ನು ಜಾಣತನದಿಂದ ಬಿಟ್ಟಿರಿ.

ಅಂಕಿಅಂಶದವ: ಅವರೂ ಗಂಡಸರೇ.

ಎರಡು ಮಕ್ಕಳ ತಾಯಿ: ಇಲ್ಲಿ ತೀರ್ಪು ಕೊಡುತ್ತಿರುವವರೂ!

ಹಳೆಯ ಮೇಷ್ಟರು: ನನ್ನ ವಾದದಲ್ಲಿ ಬದಲಾವಣೆ ಇಲ್ಲ. ತೋಟದವರೇ, ಆ ಮಲ್ಲಿಕಾದ ಕಸಿಕಡ್ಡಿ ಸಿಗುತ್ತದೆಯೇ? ಹಿತ್ತಲಲ್ಲಿ ಇಪ್ಪತ್ತೈದು ವರ್ಷದ ಕಾಡುಮಾವು ಒಂದಿದೆ.

ತೋಟದವ: ಬನ್ನಿ, ಕೊಡುತ್ತೇನೆ. ಚಿವುಟುವುದು ನಿಮ್ಮ ಪಾಲು.