ಮಾನಪತ್ರಕ್ಕೊಂದು ಪದ: ಜವಳಿಯೋ, ವಸ್ತ್ರವೋ, ಅರಿವಿಯೋ?

ಎಲ್ಲರಿಗೂ ನಮಸ್ಕಾರ.

ಸುರಪುರದ ಹಿರಿಯ ಹೆಣ್ಣುಮಗಳೊಬ್ಬರಿಗೆ ನಾವು ಕೆಲವರು ಸೇರಿ ಸನ್ಮಾನ ಇಟ್ಟುಕೊಂಡಿದ್ದೇವೆ. ಮಾನಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. (ಬಿನ್ನವತ್ತಳೆ ಅನ್ನುವವರೂ ಇದ್ದಾರೆ, ನನಗೆ ಮಾನಪತ್ರವೇ ಬಾಯಿಗೆ ಹತ್ತಿರ.) ‘…ಕ್ಷೇತ್ರದಲ್ಲಿ ತಾವು ಸಲ್ಲಿಸಿದ ಸೇವೆ’ ಅನ್ನುವ ಸಾಲಿನ ಚುಕ್ಕಿಗಳ ಜಾಗದಲ್ಲಿ ಯಾವ ಪದ ಇಡಬೇಕು? ಸಮಿತಿಯಲ್ಲಿ ಒಮ್ಮತವಿಲ್ಲ.

ಅವರ ಕೆಲಸ ಒಂದೇ ಬಗೆಯದಾಗಿದ್ದರೆ ಈ ತಂಟೆಯೇ ಇರಲಿಲ್ಲ. ಧಾರವಾಡದ ಕಡೆಯಿಂದ ಸೊಸೆಯಾಗಿ ಬರುವಾಗಲೇ ಕಸೂತಿ ಕಲಿತಿದ್ದರು. ಇಲ್ಲಿ ಅತ್ತೆಯಿಂದ ಕೌದಿ ಕಲಿತರು. ಆಮೇಲೆ ತಾಂಡಾಗಳಿಗೆ ಹೋಗಿ ಲಂಬಾಣಿ ಹೆಂಗಸರ ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳ ಮೇಲಿನ ಹೊಲಿಗೆಗಳನ್ನು ಹೆಸರು ಸಮೇತ ಕೇಳಿ, ಗ್ರಾಫ್ ಹಾಳೆಗಳ ಮೇಲೆ ಇಳಿಸಿಕೊಂಡರು. ಮೊನ್ನೆ ಹೋದಾಗ ಕಸೂತಿಯ ಗವಂತಿ ಹೊಲಿಗೆ ತೋರಿಸಿದರು. ಸೂಜಿ ಎಳೆ ಎಣಿಸುತ್ತ, ಒಂದು ಬಿಟ್ಟು ಒಂದರಂತೆ ಮುಂದಕ್ಕೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುತ್ತದೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಹಾಗಿಲ್ಲ, ಗಂಟೂ ಕಾಣಬಾರದು. ಸೆರಗು ಮಗುಚಿ ಹಿಡಿದು, “ಇದರಾಗ ಒಳಗ ಯಾವುದು, ಹೊರಗ ಯಾವುದು ಹೇಳ್ರಿ ನೋಡೋಣು” ಅಂದರು. ಹೇಳಲಾಗಲಿಲ್ಲ. ಮುರಗಿಯೂ ಹಾಗೇ, ಎರಡೂ ಬದಿ ಒಂದೇ. ನೇಗಿ, ಮೆಂತಿ ಹೊಲಿಗೆಗಳ ಹಿಂಬದಿ ಮಾತ್ರ ಬೇರೆ.

ಮೊದಲು ‘ಜವಳಿ ಕಲೆ’ ಅಂತ ಬರೆದೆ. ಜವಳಿ ಅಂದರೆ ಅಂಗಡಿ, ಮಿಲ್ಲು, ಸರ್ಕಾರದ ಖಾತೆ. ಅದರಲ್ಲೂ ಕಲಬುರಗಿಗೆ 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾದ ಮೇಲೆ, ಆ ಪದ ಕೇಳಿದರೆ ಇಲ್ಲಿಯವರಿಗೆ ನೆನಪಾಗುವುದು ಪಾರ್ಕಿಗೆ ಗುರುತಿಸಿದ ಹೊನ್ನಕಿರಣಗಿಯ ಜಮೀನು. ‘ನೇಯ್ಗೆ’ ಚೆಂದದ ಪದ, ಆದರೆ ಮಗ್ಗ ಬಿಟ್ಟು ಆಚೆ ಬರುವುದಿಲ್ಲ; ಕೌದಿಯನ್ನು ಯಾರೂ ನೇಯುವುದಿಲ್ಲವಲ್ಲ. ‘ವಸ್ತ್ರಕಲೆ’ಗೆ ಸಮಿತಿಯಲ್ಲಿ ಮತ ಹೆಚ್ಚು. ನನಗೇಕೋ ಅದು ವಸ್ತ್ರವಿನ್ಯಾಸದ ಡಿಪ್ಲೊಮಾ ಕೋರ್ಸಿನ ಹಾಗೆ ಕೇಳಿಸುತ್ತದೆ.

ಪ್ರಶಸ್ತಿಗಳ ಹೆಸರು ನೋಡೋಣವೆಂದರೆ ಅಲ್ಲೂ ದಾರಿ ಸಿಗಲಿಲ್ಲ. ನೇಕಾರರಿಗೆ ಕೇಂದ್ರ ಸರ್ಕಾರ ಕೊಡುವುದು ಸಂತ ಕಬೀರ್ ಪ್ರಶಸ್ತಿ. ಕಬೀರರು ನೇಕಾರರಾಗಿದ್ದರಿಂದ ಹೆಸರು ಹೊಂದುತ್ತದೆ. ನಮ್ಮ ಸೀಮೆಯ ಮುದನೂರಿನಲ್ಲೇ ಜೇಡರ ದಾಸಿಮಯ್ಯನಿದ್ದಾನೆ, ಆದರೆ ಅವನ ಹೆಸರಿಟ್ಟರೂ ಮತ್ತೆ ಮಗ್ಗಕ್ಕೇ ಬಂದು ನಿಲ್ಲುತ್ತೇವೆ. ಕರಕುಶಲಕರ್ಮಿಗಳಿಗೆ ‘ಶಿಲ್ಪ ಗುರು’ ಇದೆ. ಕನ್ನಡದಲ್ಲಿ ಶಿಲ್ಪಿ ಅಂದರೆ ಕಲ್ಲು ಕೆತ್ತುವವರೇ ಕಣ್ಣಿಗೆ ಬರುತ್ತಾರೆ. ವಾಷಿಂಗ್ಟನ್ನಿನಲ್ಲಿ ಜಾರ್ಜ್ ಹೆವಿಟ್ ಮೈಯರ್ಸ್ 1925ರಲ್ಲಿ ಕಟ್ಟಿದ ಟೆಕ್ಸ್‌ಟೈಲ್ ಮ್ಯೂಸಿಯಂ, ಬಟ್ಟೆಯ ಕಲೆಗಾಗಿ, ಅದರ ಅಧ್ಯಯನಕ್ಕಾಗಿ ಬಾಳಿಡೀ ದುಡಿದವರಿಗೆ ಮೈಯರ್ಸ್ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತದೆ. ಅಲ್ಲಿ ಕಲೆಯೂ ವಿದ್ವತ್ತೂ ಒಂದೇ ಮಣೆಯ ಮೇಲೆ ಕೂತಿವೆ. ನಾವು ಮಾತ್ರ ಹೊಲಿಯುವವರನ್ನು ‘ಕುಶಲಕರ್ಮಿ’, ಅದರ ಬಗ್ಗೆ ಬರೆದವರನ್ನು ‘ಸಂಶೋಧಕರು’ ಅಂತ ಬೇರೆ ಬೇರೆ ಕೂರಿಸುತ್ತೇವೆ. ಆ ಗ್ರಾಫ್ ಹಾಳೆಗಳು ಸಂಶೋಧನೆಯಲ್ಲದೆ ಮತ್ತೇನು?

‘ಕಾಯಕಯೋಗಿ’ ಬೇಡ. ನಿವೃತ್ತರಾದ ಪ್ರತಿಯೊಬ್ಬರಿಗೂ ಅದನ್ನು ಹಂಚಿ ಸವೆಸಿದ್ದೇವೆ. ‘ಜೀವಮಾನ ಸಾಧನೆ’ಗೆ ಸ್ವತಃ ಅವರದೇ ತಕರಾರಿದೆ: “ಇನ್ನಾ ಕೈ ನಡದಾವ. ಈಗೇ ನನ್ನ ಜೀವಮಾನ ಮುಗಸ್ತೀರೇನು?” ಅದನ್ನು ಅಲ್ಲೇ ಹೊಡೆದುಹಾಕಿದೆ.

ನನ್ನ ಒಲವು ‘ಅರಿವಿ’ಯ ಕಡೆಗೆ. ಬಟ್ಟೆಗೆ ನಮ್ಮ ಕಡೆ ದಿನಾ ಬಳಸುವ ಮಾತು. ನೆಯ್ದದ್ದು, ಹೊಲಿದದ್ದು, ಹಳೇ ಸೀರೆ ಹರಿದು ಕೌದಿಗೆ ಹಾಕಿದ್ದು ಎಲ್ಲವೂ ಅರಿವಿಯೇ. ‘ಅರಿವಿಯ ಕಲೆ ಮತ್ತು ಅಧ್ಯಯನ’ ಅಂತ ಬರೆದರೆ, ಓದುವವರು ಅರಿವು ಅಂದುಕೊಂಡು ತಪ್ಪು ತಿಳಿಯುತ್ತಾರೆ, ಮೇಲಾಗಿ ಅದು ಆಡುಮಾತು ಅನ್ನುವುದು ಸಮಿತಿಯ ಹಿರಿಯರ ಆಕ್ಷೇಪ. ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ: ಆಡುವವರಿಗೇ ಕೊಡುವ ಪತ್ರದಲ್ಲಿ ಅವರಾಡುವ ಮಾತು ಇದ್ದರೆ ತಪ್ಪೇನು?

ಬಲ್ಲವರು ತಿಳಿಸಿ: ‘ಅರಿವೆ’ ಅಂತ ಗ್ರಂಥರೂಪದಲ್ಲಿ ಬರೆದರೆ ಗೊಂದಲ ಕಡಿಮೆಯಾದೀತೇ? ಬೀದರ್, ಆಳಂದದ ಕಡೆಯವರೇ, ನಿಮ್ಮ ಮನೆಗಳಲ್ಲಿ ಅರಿವಿ ಅನ್ನುತ್ತೀರೋ, ಬಟ್ಟಿ ಅನ್ನುತ್ತೀರೋ?