ಮಕ್ಕಳನ್ನು ಗಾಳಕ್ಕೆ ಕರೆದುಕೊಂಡು ಹೋದವರು ಅನುಭವ ಹೇಳಿ

ಹೊಸಗಾಳ:
ಮಗನಿಗೆ 9, ಮಗಳಿಗೆ 6. ಕಳೆದ ಭಾನುವಾರ ಮೊದಲ ಸಲ ಮೀನು ಹಿಡಿಯಲು ಕರೆದುಕೊಂಡು ಹೋಗಿದ್ದೆ. ನಾಲ್ಕು ಗಂಟೆ ಕೂತೆವು, ಒಂದೂ ಕಚ್ಚಲಿಲ್ಲ. ಮಗ ಅರ್ಧ ಗಂಟೆಗೇ ಮನೆಗೆ ಹೋಗೋಣ ಎಂದ. ಮಗಳು ಎರೆಹುಳು ಚುಚ್ಚುವುದನ್ನು ನೋಡಿ ಅತ್ತಳು. ಇನ್ನೊಮ್ಮೆ ಹೋಗುವ ಆಸೆ ನನಗಿದೆ, ಅವರಿಗಿಲ್ಲ. ಯಾವ ಕೋಲು ಕೊಡಬೇಕು, ಎಷ್ಟು ಹೊತ್ತು ಕೂರಬೇಕು, ಹುಳುವಿಗೆ ಏನು ಮಾಡಬೇಕು? ಮಾಡಿ ನೋಡಿದವರು ಹೇಳಿ.

ಹಳೇಕೋಲು:
ದಾರ ಸುತ್ತುವ ರೀಲ್ ಇರುವ ಕೋಲು ಕೊಟ್ಟಿರುತ್ತೀರಿ, ಅಲ್ವಾ? ನಾನೂ ಅದನ್ನೇ ಮಾಡಿದ್ದೆ. ಇಬ್ಬರು ಮಕ್ಕಳಿಗೆ ಎರಡು ಹೊಸ ರೀಲ್, ಎರಡು ಹೊಸ ಕೋಲು. ಮೊದಲ ಬೆಳಿಗ್ಗೆಯ ಲೆಕ್ಕ ಬರೆದಿಟ್ಟಿದ್ದೇನೆ: ಕಳೆದುಹೋದ ಗಾಳ 14, ನೀರಲ್ಲಿ ತೇಲುವ ಬೆಂಡು 9, ದಾರಕ್ಕೆ ತೂಕ ಕೊಡುವ ಸೀಸದ ಗುಂಡಿನ ಡಬ್ಬಿ ಪೂರ್ತಿ ಖಾಲಿ. 14ರಲ್ಲಿ 6 ಗಾಳ ಒಂದೇ ಮರಕ್ಕೆ ಹೋದವು. ಮೂರು ಗಂಟೆಯಲ್ಲಿ ಎರಡು ಗಂಟೆ ನಾನು ಗಂಟು ಬಿಡಿಸುತ್ತಾ ಕೂತಿದ್ದೆ. ನನ್ನ ಕೋಲು ಚೀಲದಿಂದ ಹೊರಗೆ ಬರಲೇ ಇಲ್ಲ.

ಈಗ ರೀಲೇ ಇಲ್ಲದ 3 ಮೀಟರ್ ಮಡಚುವ ಕೋಲು. ದಾರ ತುದಿಗೇ ಕಟ್ಟಿದ್ದು, ಕೋಲಿಗಿಂತ ಒಂದು ಗೇಣು ಗಿಡ್ಡ. 12ನೇ ನಂಬರಿನ ಚಿಕ್ಕ ಗಾಳ. ಬೆಂಡು ಚಿಕ್ಕದು, ಅದರ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಸೀಸದ ಗುಂಡು. ದೊಡ್ಡ ಬೆಂಡು ಹಾಕಿದರೆ ಚಿಕ್ಕ ಮೀನು ಎಳೆದು ನೋಡಿ ಬಿಟ್ಟುಬಿಡುತ್ತದೆ. ಎಲ್ಲರೂ ದೂರ ಎಸೆಯುತ್ತಾರೆ, ಚಿಕ್ಕ ಮೀನು ಇರುವುದು ಕಾಲ ಬುಡದಲ್ಲೇ, ಜೊಂಡಿನ ನೆರಳಲ್ಲಿ. ನನ್ನ ಮಗ ಒಂದು ಸಂಜೆಗೆ 11 ಹಿಡಿದ. ಎಲ್ಲ ಬೆರಳುದ್ದದವು. ಚಿಕ್ಕದಾಯಿತು ಎಂದು ಅವನು ಒಮ್ಮೆಯೂ ಹೇಳಲಿಲ್ಲ.

ಗಿರಗಿರರೀಲ್:
ಬೆರಳುದ್ದದ ಮೀನು ಹಿಡಿದ ಮಗು ನಾಳೆ ಬೇರೆ ಆಟಕ್ಕೆ ಹೋಗುತ್ತದೆ. ಮಕ್ಕಳಿಗೆ ಬೇಕಿರುವುದು ಎಸೆಯುವ ಖುಷಿ. ನಾನೂ ತಪ್ಪು ಮಾಡಿದವನೇ. 7 ಅಡಿಯ ದೊಡ್ಡವರ ಕೋಲು, ಬಾಯಿ ತೆರೆದ ರೀಲ್ ಕೊಟ್ಟೆ. ಡ್ರ್ಯಾಗ್, ಅಂದರೆ ದಾರ ಹೊರಗೆ ಜಾರದಂತೆ ತಡೆಯುವ ರೀಲಿನ ಬಿಗಿ, ಸಡಿಲ ಇತ್ತು. ಗಾಳ ಎಲ್ಲೋ ಸಿಕ್ಕಿಕೊಂಡಿದೆ, ಮಗಳು ಸುಮ್ನೆ ಹಿಡಿಕೆ ತಿರುಗಿಸುತ್ತಲೇ ಇದ್ದಾಳೆ. ದಾರ ಒಳಗೆ ಬರುವುದಿಲ್ಲ, ತಿರುಗಿಸಿದಷ್ಟೂ ಮುರಿ ಬೀಳುತ್ತದೆ. ಮನೆಗೆ ಬಂದು ನೋಡಿದರೆ 100 ಮೀಟರ್ ದಾರ ಸ್ಪ್ರಿಂಗ್ ಆಗಿದೆ. ಎಸೆದೆ. ಹೊಸದು ಸುತ್ತಿದೆ, ಎರಡನೇ ವಾರಕ್ಕೆ ಅದೂ ಹಾಗೇ ಆಯಿತು. ಆಮೇಲೆ ಗುಂಡಿ ಒತ್ತುವ ಮುಚ್ಚಿದ ರೀಲ್, 5 ಅಡಿಯ ಕೋಲು ತಂದೆ. ಗಾಳ ತೆಗೆದು ರಬ್ಬರ್ ತೂಕ ಕಟ್ಟಿ, ಅಂಗಳದಲ್ಲಿ ಬಕೆಟ್ ಇಟ್ಟು ಎರಡು ವಾರ ಎಸೆಯಲು ಬಿಟ್ಟೆ. ನಿಜ ಹೇಳಬೇಕೆಂದರೆ ನೀರಿಗಿಂತ ಆ ಬಕೆಟ್ ಆಟವೇ ಅವಳಿಗೆ ಜಾಸ್ತಿ ಇಷ್ಟವಾಯಿತು.

ಹಳೇಕೋಲು:
ಎರಡು ಸುರುಳಿ ದಾರ ಎಸೆದವರು ನನಗೆ ಪಾಠ ಹೇಳುತ್ತಿದ್ದಾರೆ. ಎಸೆದದ್ದು ಎಲ್ಲಿಗೆ? ಕಾಲಿಗೆ ನೈಲಾನ್ ದಾರ ಸುತ್ತಿಕೊಂಡ ಹಕ್ಕಿ ನೋಡಿದ್ದೀರಾ?

ಗಿರಗಿರರೀಲ್:
ಚೂರು ಚೂರು ಕತ್ತರಿಸಿ ಮನೆಯ ಕಸಕ್ಕೆ ಹಾಕಿದ್ದೇನೆ. ನಿಮ್ಮ 6 ಗಾಳ ಮಾತ್ರ ಇನ್ನೂ ಆ ಮರದಲ್ಲೇ ನೇತಾಡುತ್ತಿರಬೇಕು.

ಇಬ್ಬರಮ್ಮ:
ಕೋಲಿನ ಜಗಳ ಆಮೇಲೆ ಆಡಿ. ನನ್ನ ದೊಡ್ಡ ಮಗ ಹಿಂದೆ ನೋಡದೆ ಬೀಸಿದ. ಗಾಳ ಚಿಕ್ಕವನ ಹುಬ್ಬಿಗೆ ಹೊಕ್ಕಿತು. ಇನ್ನೊಂದು ಬೆರಳಗಲ ಕೆಳಗೆ ಬಿದ್ದಿದ್ದರೆ ಕಣ್ಣು. ನನ್ನ ಗಂಡ ಎಳೆಯಲು ಹೋದರು, ನಾನು ಕೈ ಹಿಡಿದುಕೊಂಡೆ. ಹಿಮ್ಮುಳ್ಳು, ಅಂದರೆ ಮೊನೆಯ ಹತ್ತಿರ ಹಿಂದಕ್ಕೆ ಚಾಚಿದ ಮುಳ್ಳು, ಇರುವ ಗಾಳ ಎಳೆದರೆ ಮಾಂಸ ಕಿತ್ತುಕೊಂಡೇ ಬರುವುದು. ದಾರ ಕತ್ತರಿಸಿ, ಗಾಳ ಅಲ್ಲಾಡದಂತೆ ಹಿಡಿದು ಆಸ್ಪತ್ರೆಗೆ ಓಡಿದೆವು. ಎರಡೂವರೆ ಗಂಟೆ ಕಾಯಿಸಿದರು. ಡಾಕ್ಟರ್ ಮರಗಟ್ಟಿಸಿ, ಮೊನೆಯನ್ನು ಮುಂದಕ್ಕೇ ತಳ್ಳಿ ಹೊರಗೆ ತಂದು, ಹಿಮ್ಮುಳ್ಳು ಕತ್ತರಿಸಿ ಹಿಂದಕ್ಕೆ ಎಳೆದರು. ಐದು ನಿಮಿಷದ ಕೆಲಸ. ಅವನಿಗೆ ಟೆಟನಸ್ ಇಂಜೆಕ್ಷನ್‌ದೇ ದೊಡ್ಡ ದುಃಖ.

ಅವತ್ತಿನಿಂದ ಮಕ್ಕಳ ಗಾಳದ ಹಿಮ್ಮುಳ್ಳನ್ನೆಲ್ಲ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುತ್ತೇನೆ. ಟೋಪಿ, ಕನ್ನಡಕ, ಲೈಫ್ ಜಾಕೆಟ್ ಇಲ್ಲದೆ ಯಾರೂ ದಡಕ್ಕೆ ಇಳಿಯುವಂತಿಲ್ಲ. ಮುಳುಗುವ ಮಗು ಹೆಚ್ಚಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಅಪ್ಪಂದಿರು ಬೆಂಡು ನೋಡುತ್ತಾ ಕೂತಿರುತ್ತಾರೆ.

ದಡದಜ್ಜ:
ಹಿಮ್ಮುಳ್ಳು ಒತ್ತಿದರೆ ಅರ್ಧ ಮೀನು ತಪ್ಪಿಸಿಕೊಂಡು ಹೋಗುತ್ತವೆ. ಮಗು ಅಳುವುದು ಅದಕ್ಕೇ. ನಾನು 40 ವರ್ಷದಿಂದ ಗಾಳ ಹಾಕುತ್ತಿದ್ದೇನೆ, ಸೀಸದ ಗುಂಡನ್ನು ಹಲ್ಲಲ್ಲೇ ಕಚ್ಚಿ ಕೂರಿಸುತ್ತೇನೆ. ಟೋಪಿ, ಕನ್ನಡಕ ಏನೂ ಇರಲಿಲ್ಲ.

ಇಬ್ಬರಮ್ಮ:
ದಾರ ಬಿಗಿಯಾಗಿ ಇಟ್ಟರೆ ಮೀನು ತಪ್ಪುವುದಿಲ್ಲ. ಸಡಿಲ ಬಿಡುವವರಿಗೆ ಹಿಮ್ಮುಳ್ಳು ಬೇಕು. ಸೀಸ ವಿಷ, ಅದನ್ನು ಮಕ್ಕಳ ಮುಂದೆ ಕಚ್ಚುತ್ತೀರಲ್ಲ! ನೋಡಿದ್ದನ್ನು ಮಾಡುವ ವಯಸ್ಸು ಅವರದು. ತವರದ ಗುಂಡು ಸಿಗುತ್ತದೆ, ತನ್ನಿ.

ದಡದಜ್ಜ:
ತವರ ಹಗುರ. ಅಷ್ಟೇ ತೂಕಕ್ಕೆ ದೊಡ್ಡ ಗುಂಡು ಬೇಕಾಗುತ್ತದೆ. ಗೊತ್ತಿಲ್ಲದೆ ಮಾತಾಡಬೇಡಿ.

ಇಬ್ಬರಮ್ಮ:
ಗೊತ್ತಿದ್ದೇ ಹೇಳಿದ್ದು. ದೊಡ್ಡದಾದರೆ ಆಗಲಿ.

ಎರೆಡಬ್ಬಿ:
ಹುಳುವಿನ ವಿಷಯ ಯಾರೂ ಎತ್ತಲಿಲ್ಲ. ನನ್ನ ಮಗಳೂ ಹೀಗೇ ಅತ್ತಿದ್ದಳು. ಬೈದೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ, ಆರು ತಿಂಗಳು ನೀರಿನ ಕಡೆ ಬರಲಿಲ್ಲ. ಆಮೇಲೆ ಚುಚ್ಚುವ ಕೆಲಸ ಬೇಡ, ಡಬ್ಬಿ ಕಾಯುವ ಕೆಲಸ ನಿನ್ನದು ಎಂದೆ. ಒದ್ದೆ ಮಣ್ಣು, ಎಲೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ ನೆರಳಲ್ಲಿ ಇಡುತ್ತಾಳೆ. ಗಾಳಕ್ಕೆ ಮೆಕ್ಕೆಜೋಳದ ಕಾಳು, ಹಿಟ್ಟಿನ ಉಂಡೆ. ಒಂದು ದಿನ ಎಲ್ಲ ಹುಳುಗಳಿಗೂ ಹೆಸರಿಟ್ಟಳು. ಆವತ್ತು ಅವುಗಳಲ್ಲಿ ಒಂದನ್ನೂ ಬಳಸಲು ನನಗೆ ಧೈರ್ಯ ಬರಲಿಲ್ಲ, ಎಲ್ಲ ವಾಪಸ್ ಮಣ್ಣಿಗೆ. ನಾವು ಮುಕ್ಕಾಲು ಗಂಟೆಗಿಂತ ಜಾಸ್ತಿ ಕೂರುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಎಂದು ಅವಳು ಕೇಳುವಾಗಲೇ ಎದ್ದುಬಿಡುತ್ತೇವೆ. ಹಿಡಿದದ್ದನ್ನೆಲ್ಲ ವಾಪಸ್ ಬಿಡುತ್ತೇವೆ.

ದಡದಜ್ಜ:
ಬಿಡುವುದಾದರೆ ಹಿಡಿಯುವುದೇಕೆ? ಬಾಯಿಗೆ ತೂತು ಮಾಡಿ ಬಿಡುವುದು ದಯೆ ಅಲ್ಲ, ಆಟ. ತಿನ್ನುವಷ್ಟು ಹಿಡಿ, ಮನೆಗೆ ಹೋಗು.

ಎರೆಡಬ್ಬಿ:
ಕೈ ಒದ್ದೆ ಮಾಡಿಕೊಂಡು ಹಿಡಿದರೆ ಮೈಮೇಲಿನ ಲೋಳೆ ಹೋಗುವುದಿಲ್ಲ. ಗಾಳ ನುಂಗಿದ್ದರೆ ಎಳೆಯದೆ ಬಾಯಿಯ ಹತ್ತಿರ ದಾರ ಕತ್ತರಿಸಬೇಕು. ಇಷ್ಟು ಕಲಿಸಿದ್ದೇನೆ. ಬೆರಳುದ್ದದ 11 ಮೀನು ಮನೆಗೆ ಒಯ್ದವರನ್ನು ಕೇಳಿ, ಅದು ಆಟ ಅಲ್ವಾ ಎಂದು.

ಹಳೇಕೋಲು:
ಒಯ್ದೆ ಎಂದು ಎಲ್ಲಿ ಹೇಳಿದೆ? ಬಿಟ್ಟಿದ್ದೇನೆ! ಸರಿಯಾಗಿ ಓದಿ.

ಹೊಸಗಾಳ:
ಎಲ್ಲರಿಗೂ ಧನ್ಯವಾದ. ನಾವು ಕೂತದ್ದು ನಡು ಮಧ್ಯಾಹ್ನ, ಬಿಸಿಲಲ್ಲಿ. ಅದೂ ತಪ್ಪೇ?

ಗಿರಗಿರರೀಲ್:
ತಪ್ಪೇ. ಬಿಸಿಲಿಗೆ ಮೀನು ಆಳಕ್ಕೆ ಇಳಿಯುತ್ತದೆ. ಬೆಳಕು ಹರಿಯುವಾಗ ಹೋಗಿ, ಇಲ್ಲ ಸಂಜೆ ಹೋಗಿ. ಆಳಕ್ಕೆ ಇಳಿದ ಮೀನು ಬೇಕೆಂದರೆ ದೂರ ಎಸೆಯಬೇಕು, ಅದಕ್ಕೆ ರೀಲ್ ಬೇಕು. ಕೋಲಿನ ತುದಿಗೆ ದಾರ ಕಟ್ಟಿಕೊಂಡವರು ಜೊಂಡಿನ ಬುಡದಲ್ಲೇ ಇರಲಿ.

ಹಳೇಕೋಲು:
ಇರುತ್ತೇವೆ. ಮೊದಲು ನಿಮ್ಮ ಬಕೆಟ್‌ನಲ್ಲಿ ಎಷ್ಟು ಮೀನು ಸಿಕ್ಕಿತು ಹೇಳಿ.